ಗಾಜಿನ ಮೇಲೆ ಪಾಚಿ ಬಂತಾ? ಸಕ್ಕರ್ ಮೀನು ತರೋಕೆ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದನ್ನ ಕೇಳ್ತಿರೋರಲ್ಲಿ ಮನೇಲಿ ಅಕ್ವೇರಿಯಂ ಇಟ್ಟಿರೋರು ಎಷ್ಟು ಜನ ಇದ್ದೀರಿ? ಅದರಲ್ಲೂ ಪ್ಲಾಸ್ಟಿಕ್ ಗಿಡ ಅಲ್ಲ, ನಿಜವಾದ ಗಿಡ ನೆಟ್ಟಿರೋ ಪ್ಲಾಂಟೆಡ್ ಟ್ಯಾಂಕ್? ಹಾಗಾದ್ರೆ ಇವತ್ತಿನ ಮಾತು ನಿಮಗೇ.

ಟ್ಯಾಂಕ್ ಇಟ್ಟ ಹೊಸದರಲ್ಲಿ ಎಲ್ಲ ಚೆಂದ. ಒಂದೆರಡು ತಿಂಗಳು ಕಳೆದ ಮೇಲೆ ಗಾಜೆಲ್ಲ ಹಸಿರು, ಎಲೆಗಳ ಮೇಲೆ ಕೂದಲಿನಂಥ ಎಳೆ. ಅಂಗಡಿಯಲ್ಲಿ ಕೇಳಿದ್ರೆ ಸಾಮಾನ್ಯವಾಗಿ ಸಿಗೋದು ಎರಡೇ ಉತ್ತರ. "ಈ ಬಾಟಲಿ ಔಷಧಿ ಹಾಕಿ" ಅಥವಾ "ಒಂದು ಸಕ್ಕರ್ ಮೀನು ಬಿಡಿ, ಎಲ್ಲಾ ತಿಂದು ಕ್ಲೀನ್ ಮಾಡುತ್ತೆ". ಈ ಎರಡಕ್ಕೂ ದುಡ್ಡು ಕೊಡೋ ಮುಂಚೆ ಪಾಚಿ ಯಾಕೆ ಬಂತು ಅಂತ ನೋಡೋಣ. ಅದಕ್ಕೆ ನಿಮ್ಮನ್ನ ಮಂಡ್ಯ ಜಿಲ್ಲೆಗೆ ಕರ್ಕೊಂಡು ಹೋಗ್ಬೇಕು.

ಮಳವಳ್ಳಿ ತಾಲ್ಲೂಕಲ್ಲಿ, ಶಿವನಸಮುದ್ರದ ಹತ್ರ ಬ್ಲಫ್ ಅಂತ ಒಂದು ಜಾಗ ಇದೆ. ಗಗನಚುಕ್ಕಿ ನೋಡೋಕೆ ಹೋದವರಿಗೆ ಈ ಹೆಸರು ಗೊತ್ತಿರುತ್ತೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು ಇಲ್ಲಿನ ಜಲವಿದ್ಯುತ್ ಕೇಂದ್ರದಿಂದ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದೂ ಇದೇ ಕರೆಂಟಿಂದ. ಅಕ್ವೇರಿಯಂಗೂ ಬ್ಲಫ್‌ಗೂ ಏನು ಸಂಬಂಧ ಅಂತೀರಾ? ಬೆಂಗಳೂರಲ್ಲಿ ಕಾವೇರಿ ನಲ್ಲಿ ಇರೋರ ಟ್ಯಾಂಕಿನಲ್ಲಿರೋದು ಇದೇ ಸೀಮೆಯ ನೀರು. ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಪಂಪ್ ಮಾಡ್ತಾರೆ. 1974ರಲ್ಲಿ ಮೊದಲ ಹಂತ ಶುರುವಾಯ್ತು, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆ ಆಯ್ತು.

ಈಗ ಅಲ್ಲಿನ ಬಂಡೆಗಳನ್ನ ನೆನಪು ಮಾಡ್ಕೊಳ್ಳಿ. ಮಳೆಗಾಲದಲ್ಲಿ ನೀರು ಕೆಂಪಗೆ ರಭಸವಾಗಿ ಹರಿಯುತ್ತೆ, ಪಾಚಿ ನಿಲ್ಲೋಕೆ ಜಾಗ ಇರಲ್ಲ. ಬೇಸಿಗೆಯಲ್ಲಿ ಹರಿವು ಇಳಿಯುತ್ತೆ, ಬಂಡೆ ಸಂದಿಗಳಲ್ಲಿ ನೀರು ನಿಲ್ಲುತ್ತೆ, ನೆತ್ತಿ ಮೇಲೆ ಬಿಸಿಲು. ಆಗ ನೋಡಿ, ಆ ಗುಂಡಿಗಳೆಲ್ಲ ಹಸಿರು. ನದಿ ಅದೇ, ಬಂಡೆ ಅದೇ. ಬದಲಾಗಿದ್ದು ಮೂರು: ಬೆಳಕು ಜಾಸ್ತಿ ಆಯ್ತು, ಗೊಬ್ಬರದ ಅಂಶ ಒಂದೇ ಕಡೆ ಸೇರ್ತು, ನೀರು ಹರಿಯೋದು ನಿಂತಿತು. ನಿಮ್ಮ ಟ್ಯಾಂಕಲ್ಲಿ ಆಗ್ತಿರೋದೂ ಇದೇ. ಪಾಚಿ ಒಂದು ರೋಗ ಅಲ್ಲ. ಟ್ಯಾಂಕಲ್ಲಿ ಏನೋ ಹೆಚ್ಚಾಗಿದೆ ಅನ್ನೋದರ ಲೆಕ್ಕ ಅದು.

ಮೊದಲನೇದು ಬೆಳಕು. ಬೆಳಿಗ್ಗೆ ಎದ್ದಾಗ ಲೈಟ್ ಹಾಕಿ, ಮಲಗೋವಾಗ ಆಫ್ ಮಾಡಿದ್ರೆ ಹದಿನಾಲ್ಕು ಗಂಟೆ ಆಯ್ತು. ಗಿಡಗಳಿಗೆ ಅಷ್ಟು ಬೇಡ. ದಿನಕ್ಕೆ 6ರಿಂದ 8 ಗಂಟೆ ಸಾಕು. ಪ್ಲಗ್ಗಿಗೆ ಹಾಕೋ ಟೈಮರ್ ಸಿಗುತ್ತೆ, ಒಂದು ತಗೊಳ್ಳಿ. ಟ್ಯಾಂಕ್ ಕಿಟಕಿ ಪಕ್ಕದಲ್ಲಿದ್ದು ನೇರ ಬಿಸಿಲು ಬೀಳ್ತಿದ್ರೆ ಜಾಗ ಬದಲಿಸಿ, ಆಗಲ್ಲ ಅಂದ್ರೆ ಒಂದು ಪರದೆ ಹಾಕಿ.

ಎರಡನೇದು ಊಟ. ಮೀನಿಗೆ ಹಾಕಿದ ಕಾಳು ಎರಡು ನಿಮಿಷದಲ್ಲಿ ಖಾಲಿ ಆಗ್ಬೇಕು. ತಳಕ್ಕೆ ಬಿದ್ದಿದ್ದು ಕೊಳೆಯುತ್ತೆ. ಅದರಿಂದ, ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತೆ. ಫಿಲ್ಟರ್‌ನಲ್ಲಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಅಂದ್ರೆ ಗದ್ದೆಗೆ ಹಾಕೋ ಗೊಬ್ಬರದ ಅಂಶವೇ. ಗಿಡ ತಿನ್ನದೆ ಉಳಿದಿದ್ದನ್ನ ಪಾಚಿ ತಿನ್ನುತ್ತೆ. ಅದಕ್ಕೇ ವಾರಕ್ಕೊಂದು ಸಲ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿಗೆ ತುಂಬಿದ್ರೆ ಸುಮಾರು 56 ಲೀಟರ್ ಹಿಡಿಯುತ್ತೆ. ಅಂದ್ರೆ ವಾರಕ್ಕೆ ಒಂದು ದೊಡ್ಡ ಬಕೆಟ್, ಅಷ್ಟೇ. ತೆಗೆದ ನೀರನ್ನ ಕುಂಡದ ಗಿಡಗಳಿಗೆ ಹಾಕಿ, ಚೆನ್ನಾಗಿ ಬರುತ್ತೆ.

ಇಲ್ಲಿ ಎರಡು ಎಚ್ಚರ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಹಿಂದಿನ ದಿನವೇ ಬಕೆಟಲ್ಲಿ ಹಿಡಿದು ತೆರೆದಿಡಿ, ಇಲ್ಲ ಕ್ಲೋರಿನ್ ತೆಗೆಯೋ ದ್ರಾವಣ ಹಾಕಿ. ಫಿಲ್ಟರ್ ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ತೊಳೀಬೇಡಿ. ಟ್ಯಾಂಕಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ, ಇಲ್ದಿದ್ರೆ ಆ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಹೋಗುತ್ತೆ. ಊರ ಕಡೆ ಬೋರ್‌ವೆಲ್ ನೀರು ಹಾಕೋರು ಒಂದು ಸಲ ನೈಟ್ರೇಟ್ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ. ಕಬ್ಬು, ಭತ್ತಕ್ಕೆ ಗೊಬ್ಬರ ಜಾಸ್ತಿ ಹಾಕೋ ಕಡೆ ನೀರಲ್ಲೇ ನೈಟ್ರೇಟ್ ಇರಬಹುದು.

ಮೂರನೇದು ಗಿಡ. ನಾಲ್ಕು ಗಿಡ ನೆಟ್ಟು ದೊಡ್ಡ ಲೈಟ್ ಹಾಕಿದ್ರೆ ಖಾಲಿ ಸೈಟಲ್ಲಿ ಕಳೆ ಬಂದ ಹಾಗೇ. ಶುರುವಿನಲ್ಲೇ ಬೇಗ ಬೆಳೆಯೋ ಗಿಡಗಳನ್ನ ಒತ್ತಾಗಿ ನೆಡಿ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಎಲ್ಲ ಕಡಿಮೆ ಬೆಲೆಗೆ ಸಿಗುತ್ತೆ. ಅವು ಬೆಳೆದಷ್ಟೂ ಪಾಚಿಗೆ ಉಳಿಯೋದು ಕಡಿಮೆ.

ಇನ್ನು ಯಾವ ಪಾಚಿ ಅಂತ ಗುರುತಿಸೋದು ಹೇಗೆ? ಹೊಸ ಟ್ಯಾಂಕಲ್ಲಿ ಕಂದು ಬಣ್ಣದ ಪುಡಿ ಥರ ಇದ್ರೆ ಅದು ಡಯಾಟಮ್. ಒರೆಸ್ತಾ ಇರಿ, ಕೆಲವು ವಾರದಲ್ಲಿ ತಾನಾಗೇ ಹೋಗುತ್ತೆ. ಗಾಜಿನ ಮೇಲೆ ಗಟ್ಟಿ ಹಸಿರು ಚುಕ್ಕಿ ಇದ್ರೆ ಹಳೆ ಎಟಿಎಂ ಕಾರ್ಡ್ ತಗೊಂಡು ಕೆರೆದು, ಬೆಳಕು ಇಳಿಸಿ. ದಾರದಂಥದ್ದನ್ನ ಹಳೆ ಟೂತ್‌ಬ್ರಷ್‌ಗೆ ಸುತ್ತಿ ಎಳೀರಿ. ಕಪ್ಪು ಗಡ್ಡದಂಥದ್ದು ಹಠಮಾರಿ. ಕಾರ್ಬನ್ ಡೈಆಕ್ಸೈಡ್ ಕೊಡ್ತಿರೋರ ಟ್ಯಾಂಕಲ್ಲಿ ಅದರ ಪ್ರಮಾಣ ದಿನಕ್ಕೊಂದು ಥರ ಆದ್ರೆ ಬರುತ್ತೆ. ಹಿಡಿದ ಎಲೆ ಕತ್ತರಿಸಿ ಬಿಸಾಕಿ, ಗ್ಯಾಸ್ ಒಂದೇ ಸಮ ಇರೋ ಹಾಗೆ ನೋಡ್ಕೊಳ್ಳಿ. ನೀಲಿ-ಹಸಿರು ಚಾಪೆ ಥರ ಹರಡಿ ಕೆಟ್ಟ ವಾಸನೆ ಬಂದ್ರೆ ಅದು ಪಾಚಿನೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಪೈಪಲ್ಲಿ ಎಳೆದು ತೆಗೀರಿ, ಆ ಮೂಲೆಗೂ ನೀರು ಓಡಾಡೋ ಹಾಗೆ ಫಿಲ್ಟರ್ ತಿರುಗಿಸಿ.

ನೀರೇ ಹಸಿರಾಗಿದ್ರೆ ಮೂರು ನಾಲ್ಕು ದಿನ ಟ್ಯಾಂಕಿಗೆ ದಪ್ಪ ಬಟ್ಟೆ ಮುಚ್ಚಿ ಕತ್ತಲಲ್ಲಿಡಿ. ಆದ್ರೆ ಏರ್ ಪಂಪ್ ಓಡ್ತಾನೇ ಇರ್ಬೇಕು. ಕತ್ತಲಲ್ಲಿ ಗಿಡ ಆಮ್ಲಜನಕ ಕೊಡಲ್ಲ, ಸತ್ತ ಪಾಚಿ ಕೊಳೆಯೋವಾಗ ಇರೋದನ್ನೂ ಎಳ್ಕೊಳ್ಳುತ್ತೆ. ಬಾಟಲಿ ಔಷಧಿಯ ಅಪಾಯಾನೂ ಇದೇ. ಪಾಚಿ ಒಟ್ಟಿಗೆ ಸತ್ತರೆ ರಾತ್ರೋರಾತ್ರಿ ಮೀನು ತೇಲಬಹುದು. ಇನ್ನು ತಾಮ್ರ ಇರೋ ಔಷಧಿ ಸಿಗಡಿ, ಬಸವನಹುಳಕ್ಕೆ ವಿಷ.

ಈಗ ಸಕ್ಕರ್ ಮೀನಿನ ವಿಷಯ. ಅದು ದಕ್ಷಿಣ ಅಮೆರಿಕದ್ದು. ಅಂಗಡಿಯಲ್ಲಿ ಎರಡು ಇಂಚು ಇರುತ್ತೆ, ಬೆಳೆದ್ರೆ ಒಂದೂವರೆ ಅಡಿ ಆಗುತ್ತೆ. ಮರಿ ಇದ್ದಾಗ ಪಾಚಿ ತಿನ್ನುತ್ತೆ ನಿಜ, ದೊಡ್ಡದಾದ ಮೇಲೆ ಅದು ಹಾಕೋ ಹೊಲಸೇ ಪಾಚಿಗೆ ಗೊಬ್ಬರ. ಟ್ಯಾಂಕಲ್ಲಿ ಹಿಡಿಸಲ್ಲ ಅಂತಾದಾಗ ಜನ ಏನ್ ಮಾಡ್ತಾರೆ? "ಪಾಪ, ಬದುಕ್ಕೊಳ್ಳಲಿ" ಅಂತ ಕೆರೆಗೋ ಹೊಳೆಗೋ ಬಿಡ್ತಾರೆ. ಕೊಲ್ಲೋಕೆ ಮನಸ್ಸು ಬರದೇ ಮಾಡೋ ಕೆಲಸ, ಅರ್ಥ ಆಗುತ್ತೆ. ಆದ್ರೆ ಆ ಮೀನು ಸಾಯಲ್ಲ. ಗಟ್ಟಿ ಚಿಪ್ಪಿನಂಥ ಮೈ, ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ. ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಈಗಾಗ್ಲೇ ಹಬ್ಬಿದೆ. ಮೀನುಗಾರರ ಬಲೆ ಹರಿಯುತ್ತೆ, ಮಾರೋಕೆ ಹೋದ್ರೆ ಬೆಲೆ ಇಲ್ಲ.

ಬ್ಲಫ್ ದಾಟಿ ಕಾವೇರಿ ಮುತ್ತತ್ತಿ, ಭೀಮೇಶ್ವರಿ ಕಡೆ ಹೋಗುತ್ತಲ್ಲ, ಅದು ಡುಬ್ಬದ ಮಹಶೀರ್ ಮೀನಿನ ಸೀಮೆ. ಈ ಮೀನು ಇರೋದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 2018ರಲ್ಲಿ ಐಯುಸಿಎನ್ ಇದನ್ನ ಅಳಿವಿನ ತೀರಾ ಅಂಚಿನಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸ್ತು. ಹೊರಗಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಕೂಡ ಇದಕ್ಕೆ ಒಂದು ಕಾರಣ ಅಂತ ಸಂಶೋಧಕರು ಗುರುತಿಸಿದ್ದಾರೆ. ಒಳ್ಳೇದಾಗ್ಲಿ ಅಂತ ಬಿಟ್ಟ ಮೀನೇ ಊರಿನ ಮೀನಿಗೆ ಮುಳುವಾಗಬಹುದು. ಆದ್ದರಿಂದ ಸಕ್ಕರ್ ಈಗಾಗ್ಲೇ ನಿಮ್ಮನೇಲಿದ್ರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲ ದೊಡ್ಡ ಟ್ಯಾಂಕ್ ಇರೋರಿಗೆ ಕೊಡಿ. ಹೊಳೆಗೆ, ಕೆರೆಗೆ ಬೇಡ. ಕತ್ತರಿಸಿದ ಗಿಡಾನೂ ಅಷ್ಟೇ, ಒಣಗಿಸಿ ಕಸಕ್ಕೆ ಹಾಕಿ.

ಪಾಚಿ ತಿನ್ನೋರು ಬೇಕೇ ಬೇಕು ಅಂದ್ರೆ ನೆರೈಟ್ ಬಸವನಹುಳ ಎರಡು ಸಾಕು. ಸಿಹಿನೀರಲ್ಲಿ ಅದರ ಮರಿ ಬದುಕಲ್ಲ, ಹಾಗಾಗಿ ಟ್ಯಾಂಕ್ ತುಂಬ ಅದೇ ಆಗಲ್ಲ. ಆದ್ರೆ ಅದು ಸಹಾಯಕ ಮಾತ್ರ, ಕೆಲಸ ನಿಮ್ದೇ.

ಈ ಭಾನುವಾರದಿಂದ ಶುರು ಮಾಡಿ. ಲೈಟ್ 6 ಗಂಟೆಗೆ ಇಳಿಸಿ, ಊಟ ಅರ್ಧ ಮಾಡಿ, ಒಂದು ಬಕೆಟ್ ನೀರು ಬದಲಿಸಿ, ಒಂದು ಕಟ್ಟು ಹೈಡ್ರಿಲ್ಲಾ ನೆಡಿ. ಮೂರ್ನಾಲ್ಕು ವಾರ ಬೇರೇನೂ ಮುಟ್ಟಬೇಡಿ. ಮೊದಲ ದಿನ ಒಂದು ಫೋಟೋ ತೆಗೆದಿಟ್ಕೊಳ್ಳಿ, ದಿನಾ ನೋಡ್ತಿದ್ರೆ ವ್ಯತ್ಯಾಸ ಕಾಣಲ್ಲ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಕಲ್ಲಿನ ಮೇಲೆ ಸ್ವಲ್ಪ ಹಸಿರು ಇದ್ರೆ ಇರಲಿ, ಜೀವ ಇರೋ ನೀರಲ್ಲಿ ಅದು ಇರೋದೇ.

ಇವತ್ತಿಗೆ ಇಷ್ಟು. ಟ್ಯಾಂಕ್ ಇಟ್ಟಿರೋ ಗೆಳೆಯರಿಗೆ ಇದನ್ನ ಕಳಿಸಿ, ಮುಂದಿನ ವಾರ ಸಿಗೋಣ. ನಮಸ್ಕಾರ.