ಒಂದು ಊರು, ಮೂರು ಹೈಸ್ಕೂಲು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹುಡುಗರ ಚೆಂಡಾಟದ ಮಾತು ಈ ಸಭೆಗೇಕೆಂದು ಮುಂದಿನ ಸಾಲಿನವರು ನಗುತ್ತಿದ್ದಾರೆ. ನಗಲಿ. ಮೇಷ್ಟರಾಗಿದ್ದವರಿಗೆ ಆಟದ ಬಯಲಿನ ಚಾಳಿ ಬಿಡುವುದಿಲ್ಲ.

ಅಮೆರಿಕದ ಇಂಡಿಯಾನಾ ಪ್ರಾಂತ್ಯದಲ್ಲಿ ಆಂಡರ್ಸನ್ ಎಂಬ ಊರಿದೆ. ಮೋಟಾರು ಗಾಡಿಗಳ ದೀಪ, ವಿದ್ಯುತ್ ಸಾಮಾನು ಮಾಡಿ ಬದುಕಿದ ಊರು. ಗೈಡ್ ಲ್ಯಾಂಪ್, ಡೆಲ್ಕೊ ರೆಮಿ ಎಂಬ ದೊಡ್ಡ ಕಾರ್ಖಾನೆಗಳೆರಡೂ ಜನರಲ್ ಮೋಟರ್ಸ್ ಧಣಿಗಳವು. 1937ರ ಜನವರಿಯಲ್ಲಿ ಅಲ್ಲಿ ಮುಷ್ಕರ ನಡೆದಾಗ ಗುಂಪೊಂದು ನುಗ್ಗಿ ಸಂಘದ ಕಚೇರಿಯನ್ನು ಧ್ವಂಸ ಮಾಡಿತು. ಫೆಬ್ರವರಿಯಲ್ಲಿ ಗವರ್ನರು ಸೈನಿಕ ಕಾನೂನು ಹೇರಿದರು. ಮರುತಿಂಗಳೇ, ಮಾರ್ಚಿನಲ್ಲಿ, ಆ ಊರಿನ ಹೈಸ್ಕೂಲು ಹುಡುಗರು ಬಾಸ್ಕೆಟ್‌ಬಾಲಿನಲ್ಲಿ ಇಡೀ ಪ್ರಾಂತ್ಯವನ್ನೇ ಗೆದ್ದು ಬಂದರು! ಮುಷ್ಕರ ಹೂಡಿದವನೂ, ಅವನ ಕಚೇರಿ ಒಡೆದವನೂ ಒಂದೇ ತಂಡಕ್ಕೆ ಜಯಕಾರ ಹಾಕಿರಬೇಕು. ಆ ರಾತ್ರಿ ಯಾರು ಯಾರ ಮಗ್ಗುಲಲ್ಲಿ ಕುಳಿತಿದ್ದರೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ಆಮೇಲೆ ಊರು ಬೆಳೆಯಿತು. ಹೈಸ್ಕೂಲುಗಳು ಮೂರಾದವು: ಆಂಡರ್ಸನ್, ಮ್ಯಾಡಿಸನ್ ಹೈಟ್ಸ್, ಹೈಲ್ಯಾಂಡ್. 1961ರಲ್ಲಿ ವಿಗ್ವಾಮ್ ಎಂಬ ಆಟದ ಮನೆ ಕಟ್ಟಿದರು. ಸುಮಾರು 9 ಸಾವಿರ ಜನ ಕೂರುವಷ್ಟು ದೊಡ್ಡದು. 1970ರಲ್ಲಿ ಊರಿನ ಜನಸಂಖ್ಯೆ ಸುಮಾರು 70 ಸಾವಿರ. ಲೆಕ್ಕ ಹಾಕಿ, ಎಂಟು ಜನಕ್ಕೊಂದು ಆಸನ! ಪ್ರಾಂತ್ಯದ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಈ ಮೂರು ಶಾಲೆಗಳು ಒಂದನ್ನೊಂದು ಎದುರಿಸುತ್ತಿದ್ದವು, ಸೋತವರು ಅಂದೇ ಮನೆಗೆ. ಒಂದೇ ಯಂತ್ರದ ಮುಂದೆ ದುಡಿಯುವ ಇಬ್ಬರ ಮಕ್ಕಳು ಎದುರಾಳಿಗಳು. ಇನ್ನು ಅಂಗಡಿಯವನ ಪಾಡು ನೆನೆಯಿರಿ. ಮೂರು ಶಾಲೆಯವರೂ ಅವನ ಗಿರಾಕಿಗಳೇ. ಯಾರ ಬಾವುಟ ಕಟ್ಟಿಯಾನು? ಆದರೂ ಈ ಜಗಳ ಅನ್ನ ಕಸಿಯುವ ಜಗಳವಲ್ಲ. ಬಡಿದಾಡುವಷ್ಟು ಅಭಿಮಾನವಿತ್ತು, ಸೋಮವಾರ ಒಟ್ಟಿಗೆ ಪಾಳಿಗೆ ಹೋಗುವ ನಂಟೂ ಇತ್ತು.

ಆ ಪಾಳಿಯೇ ಹೋಯಿತು. 1970ರ ದಶಕದಲ್ಲಿ 20 ಸಾವಿರಕ್ಕೂ ಮಿಕ್ಕಿ ಜನಕ್ಕೆ ಕೆಲಸ ಕೊಟ್ಟಿದ್ದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ದುಡಿಯುವವರು ಬೇರೆ ಊರು ಹಿಡಿದರು, ಮಕ್ಕಳು ಅವರ ಬೆನ್ನಿಗೆ ಹೋದರು. 1997ರಲ್ಲಿ ಮ್ಯಾಡಿಸನ್ ಹೈಟ್ಸ್ ಮುಚ್ಚಿತು. 2010ರಲ್ಲಿ ಹೈಲ್ಯಾಂಡಿನ ಹೈಸ್ಕೂಲೂ ಹೋಯಿತು. ಖರ್ಚು ತೂಗಿಸಲಾರದೆ 2011ರಲ್ಲಿ ಶಾಲಾ ಮಂಡಲಿಯು ವಿಗ್ವಾಮಿಗೂ ಬೀಗ ಜಡಿಯಿತು. ಮೂರು ಶಾಲೆಗಳ ಮಕ್ಕಳು ಒಂದೇ ಶಾಲೆಯ ಮಕ್ಕಳಾದರು. ಆಂಡರ್ಸನ್ನಿನ ಹುಡುಗರು ಈಗಲೂ ಆಡುತ್ತಾರೆ. ಎದುರು ನಿಲ್ಲುವವರು ಮಾತ್ರ ಬೇರೆ ಊರಿನವರು.