ಸಾಯುವ ಕೋಶ, ಉಳಿಯುವ ಗಿಡ



ನಿಮ್ಮಲ್ಲಿ ಮಲೆನಾಡಿನಿಂದ ಬಂದವರಿಗೆ ಕೊಳೆರೋಗವೆಂದರೇನೆಂದು ಹೇಳಬೇಕಾಗಿಲ್ಲ. ಆಷಾಢದ ಮಳೆ ಬಿಡದೆ ಹೊಡೆದ ವರ್ಷ, ಬೂಷ್ಟು ಹಿಡಿದು ಮರದ ಬುಡಕ್ಕೆ ಬಿದ್ದ ಎಳೆಯಡಕೆಯನ್ನು ಮುಂಜಾನೆ ತಂದೆಯೊಡನೆ ಬುಟ್ಟಿಗೆ ಹೆಕ್ಕಿದ್ದೇನೆ. ಆ ವರ್ಷದ ಸಾಲವೇ ನನ್ನನ್ನು ಮದರಾಸಿನ ರೈಲು ಹತ್ತಿಸಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವುದು ಅಂದಿನಿಂದ ನಮ್ಮವರ ರೂಢಿಯಾಯಿತು. ಅದು ಹೊರಗಾವಲು. ಗಿಡಕ್ಕೆ ತನ್ನದೇ ಒಳಗಾವಲು ಇಲ್ಲವೆ?

ಇದೆ. ಗೋಧಿಯ ತುಕ್ಕುರೋಗವನ್ನು ಪರಿಶೀಲಿಸುತ್ತಿದ್ದ ಅಮೆರಿಕದ ಸ್ಟೇಕ್‌ಮನ್, ರೋಗಕ್ಕೆ ಬಗ್ಗದ ತಳಿಗಳಲ್ಲಿ ಶಿಲೀಂಧ್ರ ಹೊಕ್ಕ ಕೋಶಗಳು ಕೂಡಲೇ ಸಾಯುವುದನ್ನು ಕುರಿತು 1915ರಲ್ಲಿ ಬರೆದು, ಅದನ್ನು ಅತಿಸಂವೇದನೆಯೆಂದು ಕರೆದರು. ತುಕ್ಕಿನ ಶಿಲೀಂಧ್ರ ಜೀವಂತ ಕೋಶವನ್ನಷ್ಟೇ ಉಣ್ಣಬಲ್ಲದು; ಕೋಶ ಸತ್ತರೆ ಅದಕ್ಕೆ ಉಪವಾಸ.

ಈ ಸಾವು ಆಕಸ್ಮಿಕವಲ್ಲ, ಒಂದು ಕೆಲಸ. ತೈಲ ಮತ್ತು ಗೊಬ್ಬರದ ಕಾರ್ಖಾನೆಗಳ ನಡುವೆ ಬಾಳುವ ನಿಮಗೆ ಟ್ಯಾಂಕರುಗಳ ಓಡಾಟ ಗೊತ್ತು. ಕೋಶದೊಳಗೂ ಪೊರೆಯಿಂದಾದ ಕಿರುಚೀಲಗಳು ಸರಕು ಹೊತ್ತು ಓಡಾಡುತ್ತವೆ. ಒಂದು ಪೊರೆಯಿಂದ ಕಳಚಿ ಇನ್ನೊಂದರೊಡನೆ ಬೆರೆಯುತ್ತವೆ. ಬಲಿತ ಸಸ್ಯಕೋಶದ ಬಹುಭಾಗವನ್ನು ತುಂಬಿರುವ ರಸದಾನಿಗೆ ಜೀರ್ಣಕಾರಿ ಕಿಣ್ವಗಳನ್ನು ತಂದು ಸೇರಿಸುವುದು ಈ ಸಾಗಣೆಯೇ. ಶಾಂತಿಕಾಲದಲ್ಲಿ ಉಗ್ರಾಣ, ಯುದ್ಧಕಾಲದಲ್ಲಿ ಮದ್ದಿನ ಮನೆ.

ಜಪಾನಿನ ಹತ್ಸುಗಾಯಿ, ಹಾರಾ-ನಿಶಿಮುರಾ ಮತ್ತು ಸಂಗಡಿಗರು ಇದನ್ನು ಎರಡು ಬಾರಿ ತೋರಿಸಿದರು. ತಂಬಾಕಿನ ಮೊಸಾಯಿಕ್ ವೈರಸ್ ಕೋಶದೊಳಗೇ ಕುಳಿತ ಶತ್ರು. ಅಲ್ಲಿ ರಸದಾನಿಯ ಪೊರೆ ಒಳಗೇ ಒಡೆಯುತ್ತದೆ. ಅದಕ್ಕೆ ಬೇಕಾದ ಕಿಣ್ವವನ್ನು ಅಡಗಿಸಿದಾಗ ಪೊರೆ ಒಡೆಯಲಿಲ್ಲ, ಎಲೆಯ ಮೇಲೆ ಸತ್ತ ಕೋಶಗಳ ಚುಕ್ಕೆಗಳೂ ಮೂಡಲಿಲ್ಲ. ಇದು 2004ರ ಮಾತು. 2009ರಲ್ಲಿ ಅವರು ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಬೇರೆಯದನ್ನು ಕಂಡರು. ಕೋಶಗಳ ನಡುವಣ ಸಂದಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಂದಾಗ, ರಸದಾನಿಯ ಪೊರೆ ಕೋಶದ ಹೊರಪೊರೆಯೊಡನೆ ಬೆಸೆದು, ಒಳಗಿನ ರಸವನ್ನು ಹೊರಕ್ಕೆ, ಶತ್ರುವಿರುವಲ್ಲಿಗೇ ಸುರಿಯಿತು. ಕೋಶವೂ ಸತ್ತಿತು. ಶತ್ರು ಎಲ್ಲಿದ್ದಾನೆಂಬುದರ ಮೇಲೆ ಸಾವಿನ ಬಗೆ! ನನಗೆ ಇದರಷ್ಟು ಬೆರಗು ತಂದ ಸಂಗತಿ ಸಸ್ಯಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಇದನ್ನು ತ್ಯಾಗವೆಂದು ಹೊಗಳಿ ನಾಡುನುಡಿಗೆ ಹೋಲಿಸುವ ಆಸೆ ವೇದಿಕೆ ಹತ್ತಿದವನಿಗೆ ಸಹಜ. ನಾನು ಅದಕ್ಕೆ ಕೈಹಾಕಲಾರೆ. ಏಕೆಂದರೆ ಸತ್ತ ಕೋಶವನ್ನೇ ತಿಂದು ಕೊಬ್ಬುವ ರೋಗಾಣುಗಳೂ ಇವೆ. ಅವುಗಳೆದುರು ಇದೇ ಸಾವು ಔತಣವಾದೀತು. ನಮ್ಮ ಕೊಳೆರೋಗದ ಫೈಟಾಫ್ತೊರಾ ಕುಲದ ಹಲವು ರೋಗಾಣುಗಳು ಮೊದಲು ಜೀವಂತ ಕೋಶದಿಂದ ಹೀರಿ, ಆಮೇಲೆ ಕೊಂದು ತಿನ್ನುವಂಥವು. ಮೊದಲ ಗಳಿಗೆಯಲ್ಲೇ ಒಂದೆರಡು ಕೋಶ ಸತ್ತರೆ ಗಿಡಕ್ಕೆ ಲಾಭ, ತಡವಾದರೆ ನಷ್ಟ.

ಕಳೆದ ಸಲ ಊರಿಗೆ ಹೋದಾಗ ಇಷ್ಟನ್ನೂ ತಮ್ಮನಿಗೆ ವಿವರಿಸಿದೆ. ಕೊನೆಯವರೆಗೂ ಕೇಳಿ ಅವನು, "ಹಾಗಾದರೆ ಈ ವರ್ಷ ಮದ್ದು ಹೊಡೆಯುವುದು ಬೇಡವೊ?" ಎಂದ. ಬೇಕೆಂದೆ. ಸುಣ್ಣ ನೆನೆಹಾಕಲು ಎದ್ದುಹೋದ.