ಇರ್ತಲೆ ಹಾವು

ಒಮ್ಮೆ ವರದಹಳ್ಳಿಯ ನಮ್ಮ ಮನೆಗೆ ಪರಿಚಿತರೊಬ್ಬರು ಬಯಲುಸೀಮೆಯಿಂದ ಮಡಕೆಯೊಂದರಲ್ಲಿ ಇರ್ತಲೆ ಹಾವನ್ನು ತಂದರು. ಸಾಕಿದರೆ ಐಶ್ವರ್ಯ ಒಲಿಯುವುದೆಂದು ಅವರ ನಂಬಿಕೆ. ಆದರೆ ಅದಕ್ಕಿರುವುದು ಒಂದೇ ತಲೆ. ಇನ್ನೊಂದೆಂದು ತೋರುವುದು ಮೊಂಡು ಬಾಲ. ವಿಷವಿಲ್ಲದ, ಮರಿ ಹಾಕುವ ಈ ಮಣ್ಣುಮುಕ್ಕ ಹಾವು ದಕ್ಷಿಣ ಅಮೆರಿಕದ ಬೋವಾದ ದೂರದ ಬಂಧು. ವಿದೇಶಗಳಲ್ಲಿ ಬೋವಾ ಸಾಕುವವರು ಬಿಸುಪು, ತೇವ, ಆಹಾರಗಳನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಚ್ಚರದಿಂದ ಒದಗಿಸಬೇಕಾಗುತ್ತದೆ. ಮಣ್ಣುಮುಕ್ಕನಿಗಾದರೋ ಹೊಲದ ಸಡಿಲ ಮಣ್ಣೇ ಮನೆ. ಇಲಿಗಳನ್ನು ತಿಂದು ಅದು ಬೆಳೆ ಕಾಯುತ್ತದೆ. ಅದನ್ನು ಹಿಡಿದಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ನಿಷೇಧಿಸಿದೆ. ಇದನ್ನೆಲ್ಲ ಹೇಳಿದಾಗ ಅತಿಥಿಗಳು ಮುನಿದರು. ಮರುದಿನ ತಾವೇ ಅರಣ್ಯ ಇಲಾಖೆಗೆ ಒಪ್ಪಿಸಿದರು. ಮೂರು ದಿನ ಆ ಮಡಕೆಯಲ್ಲಿ ತೊಟ್ಟು ನೀರೂ ಇರಲಿಲ್ಲ. ಐಶ್ವರ್ಯವನ್ನು ಬೇಡಿದವರಿಗೆ ಹಾವಿನ ಬಾಯಾರಿಕೆ ನೆನಪಾಗಿರಲಿಲ್ಲ.